‘ಫ್ಲ್ಯಾಷ್’ ರೇಡಿಯೇಷನ್ ಸುದ್ದಿ ನಂಬಿ ಈಗಿನ ಚಿಕಿತ್ಸೆ ನಿಲ್ಲಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಈಚೆಗೆ ಒಂದು ಸುದ್ದಿ ಸುತ್ತುತ್ತಿದೆ. ಕ್ಯಾನ್ಸರ್‌ಗೆ ಇನ್ನು ವಾರಗಟ್ಟಲೆ ರೇಡಿಯೇಷನ್ ಬೇಡ, ಹೊಸ ಯಂತ್ರ ಬಂದಿದೆ, ಒಂದು ಸೆಕೆಂಡಿನೊಳಗೆ ಎಲ್ಲ ಮುಗಿಯುತ್ತದೆ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ ಅಂತ. ಓದಿದವರಿಗೆ ಖುಷಿಯಾಗುವುದು ಸಹಜ. ಆದರೆ ಮೊನ್ನೆ ನಮ್ಮ ಪಕ್ಕದ ಮನೆಯವರು ಕೇಳಿದ ಪ್ರಶ್ನೆಯಿಂದ ನನಗೆ ನಿಜಕ್ಕೂ ಗಾಬರಿಯಾಯಿತು. "ಟೀಚರೇ, ಇವರಿಗೆ ಇನ್ನೂ ಸುಮಾರು ಕರೆಂಟ್ (ರೇಡಿಯೇಷನ್) ಬಾಕಿ ಉಂಟು. ಇದನ್ನು ಈಗ ನಿಲ್ಲಿಸಿ ಹೊಸದಕ್ಕೆ ಕಾಯುವುದಾ?"

ನಿಲ್ಲಿಸಬಾರದು, ಖಂಡಿತ ನಿಲ್ಲಿಸಬಾರದು. ಅದನ್ನು ಹೇಳಲಿಕ್ಕೇ ಈ ಪತ್ರ. ಹಾಗಂತ ಆ ಸುದ್ದಿ ಪೂರ್ತಿ ಸುಳ್ಳು ಅಂತ ತಳ್ಳಿಹಾಕಲೂ ನನಗೆ ಮನಸ್ಸಿಲ್ಲ. ಅದರ ಹಿಂದೆ ನಿಜವಾದ, ತುಂಬ ಆಸೆ ಹುಟ್ಟಿಸುವ ವಿಜ್ಞಾನ ಇದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನನ್ನ ಅಣ್ಣನಿಗೆ ಕೆನ್ನೆಯ ಒಳಭಾಗದಲ್ಲಿ ಕ್ಯಾನ್ಸರ್ ಆಗಿ ಮಂಗಳೂರಿನಲ್ಲಿ ರೇಡಿಯೇಷನ್ ಆಯಿತು. ಹಾಗಾಗಿ ಈ ವಿಷಯ ಎಲ್ಲಿ ಕಂಡರೂ ಹುಡುಕಿ ಓದುವ ಅಭ್ಯಾಸ ಬಿದ್ದಿದೆ. ನಿಮ್ಮ ಪತ್ರಿಕೆಯ ಓದುಗರಲ್ಲಿ ಎಷ್ಟೋ ಮಂದಿ ಇದೇ ದಾರಿಯಲ್ಲಿ ಇದ್ದಾರೆ. ಸ್ವಲ್ಪ ಉದ್ದವಾದರೂ ದಯವಿಟ್ಟು ಪೂರ್ತಿ ಹಾಕಿ.

ಮೊದಲು ಈಗಿನ ಚಿಕಿತ್ಸೆ ಹೇಗೆ ಅಂತ ನೋಡೋಣ. ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಒಟ್ಟು 60ರಿಂದ 70 ಗ್ರೇ ರೇಡಿಯೇಷನ್ ಕೊಡುತ್ತಾರೆ. ಗ್ರೇ ಅಂದ್ರೆ ಮೈ ಹೀರಿಕೊಂಡ ವಿಕಿರಣದ ಅಳತೆ. ಅಷ್ಟನ್ನೂ ಒಂದೇ ದಿನ ಕೊಟ್ಟರೆ ಗಡ್ಡೆಯ ಜೊತೆ ಸುತ್ತಲಿನ ಒಳ್ಳೆಯ ಭಾಗವೂ ಹೋಗಿಬಿಡುತ್ತದೆ. ಅದಕ್ಕೇ ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಆರೇಳು ವಾರ ಎಳೆಯುತ್ತಾರೆ. ಇವತ್ತು ಪೆಟ್ಟು ತಿಂದ ಒಳ್ಳೆಯ ಜೀವಕೋಶಗಳು ನಾಳೆಯೊಳಗೆ ತಮ್ಮನ್ನು ತಾವು ರಿಪೇರಿ ಮಾಡಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಆ ಸಾಮರ್ಥ್ಯ ಕಡಿಮೆ. ಈ ವ್ಯತ್ಯಾಸವನ್ನು ನಂಬಿಕೊಂಡೇ ಇಡೀ ಚಿಕಿತ್ಸೆ ನಿಂತಿದೆ. ಒಳ್ಳೆಯ ವ್ಯವಸ್ಥೆಯೇ, ಅದರಿಂದ ಲಕ್ಷಾಂತರ ಜನ ಬದುಕಿದ್ದಾರೆ.

ಆದರೆ ಆ ಆರೇಳು ವಾರ ಹೇಗಿರುತ್ತದೆ ಅಂತ ಪಕ್ಕದಲ್ಲಿ ನಿಂತು ನೋಡಿದವರಿಗೇ ಗೊತ್ತು. ಮೊದಲ ದಿನ ಒಂದು ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಅದು ಆರಿ ಬಲೆ ಬಲೆಯಾದ ಬಿಳಿ ಮಾಸ್ಕ್ ಆಗುತ್ತದೆ. ಪ್ರತಿ ದಿನ ಅದನ್ನು ಹಾಕಿ ತಲೆಯನ್ನು ಮಂಚಕ್ಕೆ ಬಿಗಿಯುತ್ತಾರೆ, ಒಂದು ಕೂದಲೆಳೆ ಅಲುಗದ ಹಾಗೆ. ಅಣ್ಣ ಹೊರಗೆ ಬರುವಾಗ ಹಣೆಯಲ್ಲಿ ಆ ಬಲೆಯ ಗುರುತು ಮೂಡಿರುತ್ತಿತ್ತು. ಎರಡು ವಾರ ಏನೂ ಅನ್ನಿಸಲಿಲ್ಲ. ಮೂರನೇ ವಾರಕ್ಕೆ ಬಾಯಿಯ ಒಳಗೆಲ್ಲ ಹುಣ್ಣು. ಗಂಜಿಗೆ ಉಪ್ಪು ಹಾಕಿದರೆ ಉರಿ, ಹಾಕದಿದ್ದರೆ ಸೇರುವುದಿಲ್ಲ. ಆಮೇಲೆ ಗಂಜಿಯೂ ಇಳಿಯದೆ ತಿಳಿ ಮಾತ್ರ. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿಯಿತು. ನಮ್ಮಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ ಅಲ್ವಾ, ಅತ್ತಿಗೆ ಹಚ್ಚಲು ಹೋದರೆ ಅಲ್ಲಿನ ಸಿಸ್ಟರ್ ತಡೆದರು, ಡಾಕ್ಟರನ್ನು ಕೇಳದೆ ಏನನ್ನೂ ಹಚ್ಚಬೇಡಿ ಅಂತ. ಚಿಕಿತ್ಸೆ ಮುಗಿದು ಕ್ಯಾನ್ಸರ್ ಹೋಯಿತು, ಅದು ದೊಡ್ಡದು. ಆದರೆ ಜೊಲ್ಲು ಗ್ರಂಥಿಗಳು ಸೊರಗಿದ್ದರಿಂದ ಇವತ್ತಿಗೂ ಬಾಯಿ ಒಣಗುತ್ತದೆ, ರಾತ್ರಿ ತಲೆದಿಂಬಿನ ಪಕ್ಕ ನೀರಿನ ಬಾಟಲಿ ಇಲ್ಲದೆ ಅವನು ಮಲಗುವುದಿಲ್ಲ.

ಗಡ್ಡೆಯನ್ನು ಸುಡುವುದು ಕಷ್ಟದ ಕೆಲಸ ಅಲ್ಲ. ಸುತ್ತಲಿನ ಜೊಲ್ಲು ಗ್ರಂಥಿ, ದವಡೆಯ ಮೂಳೆ, ಬೆನ್ನುಹುರಿ ಇವುಗಳನ್ನು ಉಳಿಸಿಕೊಂಡು ಸುಡುವುದು ಕಷ್ಟ. ಎಷ್ಟೋ ರೋಗಿಗಳಿಗೆ ಡಾಕ್ಟರು ಇನ್ನೂ ಜಾಸ್ತಿ ಡೋಸ್ ಕೊಡಬೇಕು ಅಂದುಕೊಂಡರೂ ಕೊಡಲಾಗುವುದಿಲ್ಲ, ಪಕ್ಕದ ಅಂಗ ತಡೆಯುವುದಿಲ್ಲ.

ಈಗ ಆ ಹೊಸ ವಿಷಯಕ್ಕೆ ಬರುತ್ತೇನೆ. ಅದರ ಹೆಸರು ಫ್ಲ್ಯಾಷ್ ರೇಡಿಯೋಥೆರಪಿ. ಇದರಲ್ಲಿ ಬದಲಾಗುವುದು ವೇಗ. ತೋಟಕ್ಕೆ ಸಾವಿರ ಲೀಟರ್ ನೀರನ್ನು ಸ್ಪ್ರಿಂಕ್ಲರಿನಲ್ಲಿ ಗಂಟೆಗಟ್ಟಲೆ ಚಿಮುಕಿಸಬಹುದು, ಟ್ಯಾಂಕಿಯ ಬಾಯಿ ತೆರೆದು ಒಮ್ಮೆಗೇ ನುಗ್ಗಿಸಬಹುದು. ನೀರಿನ ಲೆಕ್ಕ ಎರಡರಲ್ಲೂ ಒಂದೇ. ಈಗಿನ ಯಂತ್ರಗಳು ನಿಮಿಷಕ್ಕೆ ಕೆಲವು ಗ್ರೇ ಕೊಡುತ್ತವೆ. ಫ್ಲ್ಯಾಷ್ ಅಂದರೆ ಸೆಕೆಂಡಿಗೆ 40 ಗ್ರೇ ಅಥವಾ ಅದಕ್ಕಿಂತಲೂ ಜಾಸ್ತಿ, ನೂರಾರು ಪಟ್ಟು ವೇಗ. ಹಾಗಾಗಿ ಒಂದು ಸಲದ ಡೋಸ್ ಸೆಕೆಂಡಿನ ಒಂದು ಚೂರಿನಲ್ಲಿ ಮುಗಿದುಹೋಗುತ್ತದೆ. ಇಷ್ಟು ಜೋರಾಗಿ ಹೊಡೆದರೆ ಪೆಟ್ಟು ಜಾಸ್ತಿ ಆಗಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಪ್ರಾಣಿಗಳ ಮೇಲೆ ನೋಡಿದಾಗ ಉಲ್ಟಾ ಆಯಿತು. ಗಡ್ಡೆಗೆ ಮೊದಲಿನಷ್ಟೇ ಪೆಟ್ಟು, ಒಳ್ಳೆಯ ಭಾಗಕ್ಕೆ ಕಡಿಮೆ ಪೆಟ್ಟು.

ಇದು ನಿನ್ನೆ ಮೊನ್ನೆಯ ಸಂಗತಿಯೂ ಅಲ್ಲ. 1959ರಲ್ಲೇ ಇಂಗ್ಲೆಂಡಿನ ಡ್ಯೂಯಿ ಮತ್ತು ಬೋಗ್ ಎಂಬ ಇಬ್ಬರು ಬ್ಯಾಕ್ಟೀರಿಯಾಗಳ ಮೇಲೆ ಅತಿ ವೇಗದ ವಿಕಿರಣ ಹಾಯಿಸಿ, ಅವು ಅಂದುಕೊಂಡಷ್ಟು ಸಾಯುತ್ತಿಲ್ಲ ಅಂತ ಕಂಡರು. 1966ರಲ್ಲಿ ಶರ್ಲಿ ಹಾರ್ನ್ಸಿ ಮತ್ತು ಟಿಕ್ವಾ ಆಲ್ಪರ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಇಲಿಗಳಲ್ಲಿಯೂ ಅಂಥದ್ದೇ ಪರಿಣಾಮ ನೋಡಿದರು. ಆಮೇಲೆ ದಶಕಗಟ್ಟಲೆ ಇದನ್ನು ಹೆಚ್ಚು ಜನ ಮುಟ್ಟಲಿಲ್ಲ. ಗಡ್ಡೆಯನ್ನು ಬಿಟ್ಟು ಒಳ್ಳೆಯ ಭಾಗ ಮಾತ್ರ ಉಳಿಯಬಹುದು ಎಂಬ ಯೋಚನೆ ಆಗ ಬಲವಾಗಿ ಬಂದಿರಲಿಲ್ಲ.

2014ರಲ್ಲಿ ಫ್ರಾನ್ಸಿನ ಕ್ಯೂರಿ ಸಂಸ್ಥೆಯ ವಿನ್ಸೆಂಟ್ ಫಾವೊಡೋನ್, ಮೇರಿ ಕ್ಯಾಥರಿನ್ ವೋಝನಿನ್ ಮತ್ತು ಅವರ ತಂಡದವರು ಇಲಿಗಳ ಎದೆಗೆ ಎರಡೂ ಥರದ ರೇಡಿಯೇಷನ್ ಕೊಟ್ಟು ಹೋಲಿಸಿದರು. ನಿಧಾನವಾಗಿ 17 ಗ್ರೇ ಪಡೆದ ಇಲಿಗಳ ಶ್ವಾಸಕೋಶ ಕೆಲವು ತಿಂಗಳಲ್ಲಿ ಗಾಯದ ಕಲೆಯ ಹಾಗೆ ಗಟ್ಟಿಯಾಯಿತು. ಸೆಕೆಂಡಿಗೆ 60 ಗ್ರೇ ವೇಗದಲ್ಲಿ ಅಷ್ಟೇ ಡೋಸ್ ಪಡೆದವುಗಳಲ್ಲಿ ಹಾಗೆ ಆಗಲಿಲ್ಲ. ಗಡ್ಡೆ ಮಾತ್ರ ಎರಡೂ ಕಡೆ ಒಂದೇ ರೀತಿ ಹತೋಟಿಗೆ ಬಂತು. ಫ್ಲ್ಯಾಷ್ ಎಂಬ ಹೆಸರು ಬಂದದ್ದೇ ಆಗ. ಮೂರು ವರ್ಷದ ನಂತರ ಇಲಿಗಳ ಮಿದುಳಿನ ಮೇಲೆ ನೋಡಿದರು. ಅತಿ ವೇಗದಲ್ಲಿ 10 ಗ್ರೇ ಕೊಟ್ಟರೂ ನೆನಪಿನ ಶಕ್ತಿ ಉಳಿದಿತ್ತು. ಮಕ್ಕಳ ಮಿದುಳಿನ ಗಡ್ಡೆಗೆ ರೇಡಿಯೇಷನ್ ಕೊಟ್ಟ ನಂತರ ಅವರ ಕಲಿಕೆ ಕುಂಠಿತವಾಗುವುದನ್ನು ಕಂಡವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಯಾಕೆ ಹೀಗೆ ಅಂತ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಬಂದಿಲ್ಲ. ನನಗೆ ಅತ್ಯಂತ ಕುತೂಹಲ ಹುಟ್ಟಿಸಿದ್ದೇ ಈ ಭಾಗ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ರೇಡಿಯೇಷನ್ ಮೈಯೊಳಗೆ ಹೋದಾಗ ಹೆಚ್ಚಾಗಿ ತಾಗುವುದು ಜೀವಕೋಶದಲ್ಲಿರುವ ನೀರಿಗೆ. ನೀರು ಒಡೆದು ಫ್ರೀ ರ್‍ಯಾಡಿಕಲ್ ಎಂಬ ಚುರುಕು ಕಣಗಳು ಹುಟ್ಟುತ್ತವೆ. ಅವು ಹೋಗಿ ಡಿಎನ್‌ಎಯನ್ನು ಕಡಿಯುತ್ತವೆ. ಅಲ್ಲಿ ಆಮ್ಲಜನಕ ಇದ್ದರೆ ಆ ಗಾಯ ಕಾಯಂ ಆಗುತ್ತದೆ, ಇಲ್ಲದಿದ್ದರೆ ಸರಿಹೋಗುವ ಸಾಧ್ಯತೆ ಜಾಸ್ತಿ. ಆಮ್ಲಜನಕ ಇಲ್ಲದ ಕೋಶವನ್ನು ಕೊಲ್ಲಲು ಎರಡೂವರೆ ಮೂರು ಪಟ್ಟು ಡೋಸ್ ಬೇಕು, ಇದು ಹಳೆಯ ಕಾಲದಿಂದ ಗೊತ್ತಿರುವ ಸಂಗತಿ. ಇದನ್ನೇ ಹಿಡಿದುಕೊಂಡು ಒಂದು ವಿವರಣೆ ಬಂತು. ಕಣ್ಣು ಮಿಟುಕಿಸುವುದರೊಳಗೆ ಅಷ್ಟೂ ಡೋಸ್ ಬಿದ್ದರೆ ಅಲ್ಲಿದ್ದ ಆಮ್ಲಜನಕ ಖರ್ಚಾಗಿಹೋಗುತ್ತದೆ, ರಕ್ತ ಹೊಸದನ್ನು ತಂದು ಕೊಡುವಷ್ಟು ಸಮಯವೇ ಇರುವುದಿಲ್ಲ, ಆ ಕ್ಷಣ ಒಳ್ಳೆಯ ಕೋಶ ಆಮ್ಲಜನಕವಿಲ್ಲದೆ ಬಚಾವಾಗುತ್ತದೆ. ಗಡ್ಡೆಯ ಒಳಗೆ ಹೇಗೂ ಆಮ್ಲಜನಕ ಕಡಿಮೆ, ಅದಕ್ಕೆ ಈ ಲಾಭ ಸಿಗುವುದಿಲ್ಲ.

ಕೇಳಲಿಕ್ಕೆ ಬಹಳ ಚೆನ್ನಾಗಿದೆ. ಆದರೆ ನಿಜವಾಗಿ ಅಳೆದು ನೋಡಿದಾಗ ಖರ್ಚಾಗುವ ಆಮ್ಲಜನಕ ತೀರಾ ಸ್ವಲ್ಪ, ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಅದು ಸಾಲುವುದಿಲ್ಲ ಅಂತ ಕಂಡಿತು. ಈಗ ಬೇರೆ ದಿಕ್ಕಿನಲ್ಲೂ ಹುಡುಕುತ್ತಿದ್ದಾರೆ. ಒಮ್ಮೆಗೇ ಅಷ್ಟೊಂದು ರ್‍ಯಾಡಿಕಲ್‌ಗಳು ಹುಟ್ಟಿದರೆ ಅವು ಒಂದಕ್ಕೊಂದು ಡಿಕ್ಕಿಯಾಗಿ ಅಲ್ಲೇ ತೀರಿಹೋಗುತ್ತವೆಯೋ? ಜೀವಕೋಶದ ಕೊಬ್ಬಿನ ಪೊರೆ ಕೆಡುವ ಸರಪಳಿ ಕ್ರಿಯೆಯನ್ನು ಒಳ್ಳೆಯ ಕೋಶ ತಡೆದುಕೊಂಡು ಕ್ಯಾನ್ಸರ್ ಕೋಶ ತಡೆಯಲಾರದೋ? ಇನ್ನೊಂದು ಸರಳ ವಿಷಯವೂ ಇದೆ. ಕಿರಣ ನಿಮಿಷಗಟ್ಟಲೆ ಬೀಳುತ್ತಿದ್ದರೆ ಅದರ ದಾರಿಯಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ, ಹೊಸ ಹೊಸ ಬಿಳಿ ರಕ್ತಕಣಗಳಿಗೆ ಪೆಟ್ಟು ಬೀಳುತ್ತಲೇ ಇರುತ್ತದೆ. ಫ್ಲ್ಯಾಷ್‌ನಲ್ಲಿ ಆ ಕ್ಷಣ ಅಲ್ಲಿದ್ದ ರಕ್ತಕ್ಕೆ ಮಾತ್ರ ಪೆಟ್ಟು. ಹಾಗಾಗಿ ರೋಗ ನಿರೋಧಕ ಶಕ್ತಿ ಜಾಸ್ತಿ ಉಳಿಯಬಹುದು. ಒಂದೇ ಕಾರಣ ಇರಲಿಕ್ಕಿಲ್ಲ, ಹಲವು ಸೇರಿ ಈ ಪರಿಣಾಮ ಬರುತ್ತಿರಬೇಕು ಅಂತ ನನಗೆ ಅನ್ನಿಸುತ್ತದೆ.

ಮನುಷ್ಯರ ಮೇಲೆ ಏನಾಯಿತು? ಮೊದಲ ರೋಗಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ, 2018ರಲ್ಲಿ. ಅವರಿಗೆ 75 ವರ್ಷ, ಚರ್ಮದ ಲಿಂಫೋಮಾ ಎಂಬ ಒಂದು ಬಗೆಯ ಕ್ಯಾನ್ಸರ್. ಅದಕ್ಕೆ ಮೊದಲು ಮೈಯ ಬೇರೆ ಬೇರೆ ಕಡೆ ನೂರಕ್ಕೂ ಹೆಚ್ಚು ಸಲ ರೇಡಿಯೇಷನ್ ಆಗಿ ಚರ್ಮ ಸೋತಿತ್ತು. ಮೂರೂವರೆ ಸೆಂಟಿಮೀಟರಿನ ಒಂದು ಗಡ್ಡೆಗೆ 15 ಗ್ರೇಯನ್ನು 90 ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಕಡಿಮೆ ಸಮಯದಲ್ಲಿ ಕೊಟ್ಟರು. ಗಡ್ಡೆ ಪೂರ್ತಿ ಕರಗಿತು, ಐದು ತಿಂಗಳು ನೋಡಿದಾಗಲೂ ಬಂದಿರಲಿಲ್ಲ, ಚರ್ಮಕ್ಕೆ ಆದ ತೊಂದರೆ ಅಲ್ಪ. ಫಾರ್ವರ್ಡ್ ಮೆಸೇಜುಗಳಲ್ಲಿ ಸುತ್ತುವುದು ಬಹುಶಃ ಇದೇ ಕಥೆ. ಆದರೆ ಆ ಮೆಸೇಜುಗಳಲ್ಲಿ ಇಲ್ಲದ ಮುಂದಿನ ಭಾಗವೂ ಇದೆ. ಆಮೇಲೆ ಚರ್ಮದ ಲಿಂಫೋಮಾದ ಒಬ್ಬರೇ ರೋಗಿಯ ಎರಡು ಗಡ್ಡೆಗಳಲ್ಲಿ ಒಂದಕ್ಕೆ ವೇಗದ, ಇನ್ನೊಂದಕ್ಕೆ ಮಾಮೂಲಿ ರೇಡಿಯೇಷನ್ ಕೊಟ್ಟು ಹೋಲಿಸಿದರು. ಎರಡೂ ವಾಸಿಯಾದವು, ಚರ್ಮದಲ್ಲಿ ವ್ಯತ್ಯಾಸ ಮಾತ್ರ ಕಾಣಲಿಲ್ಲ.

ಅಮೆರಿಕದ ಸಿನ್ಸಿನಾಟಿಯಲ್ಲಿ ಪ್ರೋಟಾನ್ ಕಿರಣದಿಂದ ಇನ್ನೊಂದು ಟ್ರಯಲ್ ಆಯಿತು. ಕೈಕಾಲಿನ ಮೂಳೆಗೆ ಕ್ಯಾನ್ಸರ್ ಹರಡಿ ನೋವಿನಲ್ಲಿದ್ದ 10 ಮಂದಿಗೆ, ಒಟ್ಟು 12 ಜಾಗಗಳಿಗೆ, ಒಂದೊಂದೇ ಸಲ 8 ಗ್ರೇ. 8 ಜಾಗಗಳಲ್ಲಿ ನೋವು ಇಳಿಯಿತು, ಅದರಲ್ಲಿ 6 ಕಡೆ ಪೂರ್ತಿ ಹೋಯಿತು. ಸೈಡ್ ಎಫೆಕ್ಟ್ ಸಣ್ಣಪುಟ್ಟವು. ಒಳ್ಳೆಯ ಸುದ್ದಿಯೇ. ಆದರೆ ಮಾಮೂಲಿ ರೇಡಿಯೇಷನ್‌ನಿಂದಲೂ ಮೂಳೆ ನೋವು ಹೆಚ್ಚುಕಡಿಮೆ ಹೀಗೇ ಇಳಿಯುತ್ತದೆ. ಮನುಷ್ಯರಿಗೆ ಇದನ್ನು ಸುರಕ್ಷಿತವಾಗಿ ಕೊಡಲು ಆಗುತ್ತದೆಯೇ ಅಂತ ನೋಡಲು ಮಾಡಿದ ಪ್ರಯೋಗ ಅದು. ಒಳ್ಳೆಯ ಅಂಗಾಂಶ ಉಳಿಯಿತು ಅಂತ ಅದರಿಂದ ಸಾಬೀತಾಗಿಲ್ಲ.

ಇನ್ನು ಬೆಕ್ಕುಗಳ ವಿಷಯ. ಇದನ್ನು ಪ್ರತಿಯೊಬ್ಬರೂ ಓದಬೇಕು ಅಂತ ನನ್ನ ಆಸೆ. ಬಿಸಿಲಿಗೆ ಬೆಕ್ಕುಗಳ ಮೂಗಿನ ತುದಿಯಲ್ಲಿ ಕ್ಯಾನ್ಸರ್ ಆಗುವುದುಂಟು. ಮೊದಲ ಸಲ 6 ಬೆಕ್ಕುಗಳಿಗೆ ಫ್ಲ್ಯಾಷ್ ಕೊಟ್ಟಾಗ ತುಂಬ ಒಳ್ಳೆಯ ಫಲ ಬಂತು, ಆ ಬೆಕ್ಕುಗಳ ಫೋಟೋ ಲೋಕವೆಲ್ಲ ಸುತ್ತಿತು. ಆಮೇಲೆ ಇನ್ನೂ ಕಟ್ಟುನಿಟ್ಟಾಗಿ, ಮಾಮೂಲಿ ಚಿಕಿತ್ಸೆಯ ಜೊತೆ ಹೋಲಿಸುವ ಟ್ರಯಲ್ ಶುರು ಮಾಡಿದರು. ಫ್ಲ್ಯಾಷ್‌ನಲ್ಲಿ ಒಂದೇ ಸಲಕ್ಕೆ 30 ಗ್ರೇ. ಗಡ್ಡೆ ಹೋಯಿತು, ಮೊದಲ ತಿಂಗಳುಗಳಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. 9ರಿಂದ 15 ತಿಂಗಳ ನಂತರ 7 ಬೆಕ್ಕುಗಳಲ್ಲಿ 3ಕ್ಕೆ ಮೇಲ್ದವಡೆಯ ಮೂಳೆ ಸತ್ತುಹೋಯಿತು. ಮಾಮೂಲಿ ಚಿಕಿತ್ಸೆ ಪಡೆದ 9 ಬೆಕ್ಕುಗಳಲ್ಲಿ ಒಂದಕ್ಕೂ ಹಾಗೆ ಆಗಲಿಲ್ಲ. ಟ್ರಯಲನ್ನು ಅರ್ಧಕ್ಕೇ ನಿಲ್ಲಿಸಿದರು, 2022ರಲ್ಲಿ ಎಲ್ಲವನ್ನೂ ಪ್ರಕಟಿಸಿದರು. ಈ ವಿಜ್ಞಾನಿಗಳ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಆಗ. ತಾವೇ ಬೆಳೆಸಿದ ವಿಧಾನದ ತಪ್ಪನ್ನು ಮುಚ್ಚಿಡದೆ ಹೇಳಿದರು. ವೇಗದ ಜೊತೆ ಒಂದು ಸಲದ ಡೋಸ್ ಎಷ್ಟು, ಎಷ್ಟು ಜಾಗಕ್ಕೆ ಕೊಟ್ಟದ್ದು ಎಂಬುದೂ ಅಷ್ಟೇ ಮುಖ್ಯ ಅಂತ ಇದರಿಂದ ಗೊತ್ತಾಯಿತು.

ಕಾಸರಗೋಡಿನ ನಮಗೆ ಇದು ಬೇಗ ಅರ್ಥವಾಗಬೇಕು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುತ್ತಿದ್ದ ಕಾಲದಲ್ಲಿ ಏನೂ ಆಗುವುದಿಲ್ಲ ಅಂದವರೇ ಜಾಸ್ತಿ. ಎಣ್ಮಕಜೆ, ಮುಳಿಯಾರಿನ ಮನೆಗಳಲ್ಲಿ ಅದರ ಫಲ ಕಂಡದ್ದು ವರ್ಷಗಳು ಕಳೆದ ಮೇಲೆ. ತಡವಾಗಿ ಬರುವ ತೊಂದರೆ ಅಂದರೆ ಏನು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹಾಗಾಗಿ ಯಾವ ಹೊಸ ಚಿಕಿತ್ಸೆ ಬಂದರೂ, ಒಂದು ವರ್ಷ, ಐದು ವರ್ಷ ಕಳೆದ ಮೇಲೆ ರೋಗಿಗಳು ಹೇಗಿದ್ದಾರೆ ಅಂತ ಕೇಳುವ ಹಕ್ಕು ನಮಗಿದೆ.

ಇನ್ನೂ ಒಂದೆರಡು ತೊಡಕು ಇವೆ. ಈಗಿನ ಹೆಚ್ಚಿನ ಫ್ಲ್ಯಾಷ್ ಪ್ರಯೋಗಗಳು ಎಲೆಕ್ಟ್ರಾನ್ ಕಿರಣದಲ್ಲಿ ಆದವು, ಅದು ಚರ್ಮದಿಂದ ಕೆಲವೇ ಸೆಂಟಿಮೀಟರ್ ಆಚೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೊಟ್ಟೆಯೊಳಗಿನ, ಶ್ವಾಸಕೋಶದೊಳಗಿನ ಗಡ್ಡೆಗೆ ತಲಪಬೇಕಾದರೆ ಪ್ರೋಟಾನ್ ಬೇಕು, ಇಲ್ಲವೇ ಬಹಳ ಹೆಚ್ಚಿನ ಶಕ್ತಿಯ ಎಲೆಕ್ಟ್ರಾನ್ ಬೇಕು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದವರು ಲೌಸಾನ್ ಆಸ್ಪತ್ರೆಯ ಜೊತೆ ಸೇರಿ ಅಂಥ ಯಂತ್ರಕ್ಕಾಗಿ ಕೆಲಸ ಮಾಡುತ್ತಿದ್ದಾರೆ. ನಮ್ಮ ದೇಶದಲ್ಲಿ ಪ್ರೋಟಾನ್ ಯಂತ್ರ ಇರುವುದೇ ಬೆರಳೆಣಿಕೆಯ ಕಡೆ, ಚೆನ್ನೈಯಲ್ಲಿ 2019ರಲ್ಲಿ ಶುರುವಾದದ್ದು ಒಂದು, ಟಾಟಾ ಕ್ಯಾನ್ಸರ್ ಆಸ್ಪತ್ರೆಯವರ ಮುಂಬಯಿ ಬಳಿಯ ಖಾರ್‌ಘರ್ ಕೇಂದ್ರದ್ದು ಇನ್ನೊಂದು. ಪ್ರೋಟಾನ್ ಯಂತ್ರ ಇದ್ದ ಮಾತ್ರಕ್ಕೆ ಅಲ್ಲಿ ಫ್ಲ್ಯಾಷ್ ಸಿಗುತ್ತದೆ ಅಂತಲೂ ಅಲ್ಲ, ದಯವಿಟ್ಟು ಅದನ್ನು ನಂಬಿ ಚೆನ್ನೈಗೆ ಟಿಕೆಟ್ ಮಾಡಬೇಡಿ.

ಇನ್ನೊಂದು, ಅಳತೆ. ಈಗಿನ ಯಂತ್ರದಲ್ಲಿ ಡೋಸ್ ಲೆಕ್ಕ ಹಾಕುವ ಉಪಕರಣಗಳು ಇಷ್ಟು ವೇಗದಲ್ಲಿ ಸರಿಯಾದ ಲೆಕ್ಕ ಕೊಡುವುದಿಲ್ಲ. ಮಂಗಳೂರಿನಲ್ಲಿ ಅಣ್ಣನಿಗೆ ರೇಡಿಯೇಷನ್ ಆಗುವಾಗ ಹೊರಗಿನ ರೂಮಿನಲ್ಲಿ ಟೆಕ್ನಿಷಿಯನ್ ಟಿವಿಯಲ್ಲಿ ನೋಡುತ್ತಾ ಕೂತಿರುತ್ತಿದ್ದರು, ಕೆಮ್ಮು ಬಂದರೆ ಕೈ ಎತ್ತಿ, ನಿಲ್ಲಿಸುತ್ತೇವೆ ಅಂತ ಮೊದಲೇ ಹೇಳಿದ್ದರು. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುವುದನ್ನು ಯಾರು ನಿಲ್ಲಿಸುವುದು? ಗುರಿ ಮೊದಲೇ ನೂರಕ್ಕೆ ನೂರು ಸರಿ ಇರಬೇಕು. ಒಂದು ಲಾಭವೂ ಇದೆ, ಉಸಿರಾಡುವಾಗ ಮೇಲೆ ಕೆಳಗೆ ಹೋಗುವ ಗಡ್ಡೆ ಅಷ್ಟು ಕಡಿಮೆ ಸಮಯದಲ್ಲಿ ಅಲುಗುವುದೇ ಇಲ್ಲ ಅನ್ನಬಹುದು.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಫ್ಲ್ಯಾಷ್ ಇನ್ನೂ ಪ್ರಯೋಗದ ಹಂತದಲ್ಲಿದೆ. ಇವತ್ತು ರೋಗ ಇರುವವರು ಅದಕ್ಕೆ ಕಾಯುವಂತಿಲ್ಲ. ಈಗ ನಡೆಯುತ್ತಿರುವ ರೇಡಿಯೇಷನ್ನನ್ನು ಮಧ್ಯದಲ್ಲಿ ಬಿಡುವುದರಿಂದ ಆಗುವ ನಷ್ಟ ಮಾತ್ರ ಡಾಕ್ಟರುಗಳಿಗೆ ಬಹಳ ಚೆನ್ನಾಗಿ ಗೊತ್ತಿದೆ. ಚಿಕಿತ್ಸೆ ಶುರುವಾಗಿ ಮೂರ್ನಾಲ್ಕು ವಾರ ಆಗುವಾಗ ಉಳಿದ ಕ್ಯಾನ್ಸರ್ ಕೋಶಗಳು ಮೊದಲಿಗಿಂತ ವೇಗವಾಗಿ ಬೆಳೆಯತೊಡಗುತ್ತವೆ. ಬಾಯಿ, ಗಂಟಲಿನ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ಒಂದು ದಿನ ಲಂಬಿಸಿದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಶೇ 1ಕ್ಕಿಂತ ಸ್ವಲ್ಪ ಜಾಸ್ತಿಯೇ ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕ. ಒಂದು ವಾರ ಬಿಟ್ಟರೆ ಎಷ್ಟಾಯಿತು, ನೀವೇ ನೋಡಿ. ಬಾಯಿ ಹುಣ್ಣಾಗಿ ತಿನ್ನಲಾಗದೆ, ಇನ್ನು ಸಾಕು ಅಂತ ಅನ್ನಿಸುವುದೂ ಸರಿಯಾಗಿ ಅದೇ ಹೊತ್ತಿಗೆ. ಆಗ ಡಾಕ್ಟರಿಗೆ ಹೇಳಿ. ನೋವಿನ ಔಷಧ ಇದೆ, ಮೂಗಿನ ಮೂಲಕ ಟ್ಯೂಬ್ ಹಾಕಿ ಆಹಾರ ಕೊಡುವ ದಾರಿ ಇದೆ. ಅಣ್ಣನೂ ಟ್ಯೂಬ್ ಬೇಡವೇ ಬೇಡ ಅಂದಿದ್ದ. ಹಾಕಿದ ನಂತರವೇ ಅವನ ತೂಕ ಇಳಿಯುವುದು ನಿಂತದ್ದು, ಚಿಕಿತ್ಸೆ ಪೂರ್ತಿಯಾದದ್ದು.

ನಮ್ಮ ಜಿಲ್ಲೆಯವರಿಗೆ ದಿನ ತಪ್ಪಲು ಬೇರೆ ಕಾರಣಗಳೂ ಇವೆ. ರೇಡಿಯೇಷನ್ ಬೇಕಾದ ನಮ್ಮ ಹೆಚ್ಚಿನವರು ಒಂದೋ ರಾಜ್ಯದ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ, ಇಲ್ಲವೇ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗಬೇಕು. ಕೆಲವರು ತಿರುವನಂತಪುರದವರೆಗೆ ಹೋಗುತ್ತಾರೆ. ಹತ್ತು ನಿಮಿಷದ ಚಿಕಿತ್ಸೆಗೆ ಇಡೀ ದಿನ, ಜೊತೆಗೆ ಬರುವವರ ಕೂಲಿಯೂ ಹೋಯಿತು. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ನಮ್ಮ ರೋಗಿಗಳು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಫ್ಲ್ಯಾಷ್ ಮುಂದೆ ಗೆದ್ದರೆ, ಮೂವತ್ತು ಸಲ ಹೋಗುವಲ್ಲಿ ನಾಲ್ಕೈದು ಸಲ ಹೋದರೆ ಸಾಕು ಎಂದಾದರೆ, ಅದರಿಂದ ಅತಿ ಹೆಚ್ಚು ಉಪಕಾರ ಆಗುವುದು ಆಸ್ಪತ್ರೆಯ ಪಕ್ಕದಲ್ಲೇ ಇರುವವರಿಗಿಂತ ನಮ್ಮಂಥ ಊರಿನವರಿಗೆ. ಅದಕ್ಕೇ ನನಗೆ ಇದರ ಮೇಲೆ ಇಷ್ಟು ಆಸೆ.

ಆದರೆ ಅಲ್ಲಿಯವರೆಗೆ? 2013ರಲ್ಲಿ ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದರು. ಅಲ್ಲಿ ಒಂದು ಒಳ್ಳೆಯ ರೇಡಿಯೋಥೆರಪಿ ವಿಭಾಗ, ಯಂತ್ರದ ಜೊತೆಗೆ ಅದನ್ನು ನಡೆಸುವ ಫಿಸಿಸಿಸ್ಟ್ ಮತ್ತು ಟೆಕ್ನಿಷಿಯನ್ ಸಮೇತ, ಬರಬೇಕು ಎಂದು ನಮ್ಮ ಶಾಸಕರು, ಸಂಸದರು ಪಟ್ಟು ಹಿಡಿಯಬೇಕು. ಫ್ಲ್ಯಾಷ್ ಅಲ್ಲ, ಈಗ ಎಲ್ಲೆಡೆ ಬಳಸುವ ಲೀನಿಯರ್ ಆ್ಯಕ್ಸಿಲರೇಟರ್ ಎಂಬ ಮಾಮೂಲಿ ರೇಡಿಯೇಷನ್ ಯಂತ್ರ ಸಾಕು. ಮತ್ತೆ, ಮಂಜೇಶ್ವರ, ಕಾಸರಗೋಡು ತಾಲೂಕುಗಳಿಂದ ಹೋಗುವ ಕನ್ನಡದ ರೋಗಿಗಳಿಗೆ ಯಾವ ಆಸ್ಪತ್ರೆಯಲ್ಲಾದರೂ ಕನ್ನಡದಲ್ಲೇ ಅಚ್ಚಾದ ಒಂದು ಹಾಳೆ ಸಿಗಬೇಕು. ಏನು ತಿನ್ನಬೇಕು, ಚರ್ಮವನ್ನು ಹೇಗೆ ನೋಡಿಕೊಳ್ಳಬೇಕು, ಯಾವಾಗ ಫೋನ್ ಮಾಡಬೇಕು ಅಂತ. ನಮ್ಮ ಹಿರಿಯರು ಎಷ್ಟೋ ಮಂದಿ ಡಾಕ್ಟರು ಹೇಳಿದ್ದಕ್ಕೆ ತಲೆ ಆಡಿಸಿ ಬರುತ್ತಾರೆ, ಮನೆಗೆ ಬಂದು ಕೇಳಿದರೆ ಏನೂ ಗೊತ್ತಾಗಿರುವುದಿಲ್ಲ.

ಅಡಿಕೆಯ ಊರಿನಲ್ಲಿ ಕೂತು ಇದನ್ನು ಬರೆಯುವುದು ಕಷ್ಟ, ನಮ್ಮ ಮನೆಯ ಅನ್ನವೂ ಅದರಿಂದಲೇ. ಆದರೂ ಹೇಳಲೇಬೇಕು. ಹೊಗೆಸೊಪ್ಪು ಇಲ್ಲದ ಬರೀ ಎಲೆ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರದಿ ಪ್ರಕಟಿಸಿದೆ. ಕೆನ್ನೆಯ ಒಳಗೆ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಇದ್ದರೆ ಎರಡು ವಾರಕ್ಕಿಂತ ಜಾಸ್ತಿ ಕಾಯದೆ ತೋರಿಸಿ. ಬೇಗ ಗೊತ್ತಾದರೆ ಎಷ್ಟೋ ಮಂದಿಗೆ ರೇಡಿಯೇಷನ್ನೇ ಬೇಕಾಗುವುದಿಲ್ಲ.

ಈಗ ಚಿಕಿತ್ಸೆಯಲ್ಲಿರುವವರಿಗೆ ಒಂದು ಉಪಯೋಗದ ಮಾತು. ಚಿಕಿತ್ಸೆಗಾಗಿ ಪ್ರಯಾಣ ಮಾಡುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಭಾಗ ರಿಯಾಯಿತಿ ಇದೆ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯ ಡಾಕ್ಟರ ಸಹಿ, ಸೀಲು ಬೇಕು. ತಿರುವನಂತಪುರಕ್ಕೋ ಮುಂಬಯಿಗೋ ಹೋಗುವವರು ಕೇಳಿ ಪಡೆಯಿರಿ, ತುಂಬ ಮಂದಿಗೆ ಇದು ಗೊತ್ತೇ ಇಲ್ಲ.

ಕೊನೆಗೆ ಸಂಪಾದಕರಲ್ಲಿ ಒಂದು ವಿನಂತಿ. ಕ್ಯಾನ್ಸರ್‌ನ ಹೊಸ ಚಿಕಿತ್ಸೆಯ ಸುದ್ದಿ ಹಾಕುವಾಗ ಅದು ಇಲಿಯ ಮೇಲೆ ಆದದ್ದೋ, ಹತ್ತು ಜನರ ಮೇಲೆ ಆದದ್ದೋ, ಎಲ್ಲರಿಗೂ ಸಿಗುವಂಥದ್ದೋ ಎಂಬುದನ್ನು ತಲೆಬರಹದ ಕೆಳಗೇ ಒಂದು ಸಾಲಿನಲ್ಲಿ ಹಾಕಿ. ಈ ಭಾಗದ ರೇಡಿಯೇಷನ್ ಡಾಕ್ಟರೊಬ್ಬರಿಂದ ಓದುಗರ ಪ್ರಶ್ನೆಗಳಿಗೆ ಉತ್ತರ ಬರೆಸಿ. ಪ್ರಶ್ನೆಗಳನ್ನು ಒಟ್ಟು ಮಾಡಿ ಕಳಿಸುವ ಕೆಲಸ ಬೇಕಾದರೆ ನಾನೇ ಮಾಡುತ್ತೇನೆ. ಪಕ್ಕದ ಮನೆಯವರ ಪ್ರಶ್ನೆಯನ್ನು ಅದರಲ್ಲಿ ಮೊದಲನೆಯದಾಗಿ ಹಾಕಬಹುದು.

ಇತಿ,
ನಿವೃತ್ತ ವಿಜ್ಞಾನ ಅಧ್ಯಾಪಕಿ,
ಬದಿಯಡ್ಕ, ಕಾಸರಗೋಡು ಜಿಲ್ಲೆ